ನಮಗಿಂತ ಮೊದಲೇ ಹೊರಟ ಸೂಟ್‌ಕೇಸು

ವ್ಯಾಪಾರ ಗೊತ್ತಿರುವವನನ್ನು ಯಾರೂ ಏನೂ ಮಾಡಲಾರರು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಗೋವಿಂದರಾಜನಗರದಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಒಂದು ಲೋಟ ಕೇಳಿಕೊಂಡು ಬಂದವರಿಗೆ ಆರು ಲೋಟ ಕೊಟ್ಟು, ‘ಲಾಭ ನಿಮಗೇ’ ಎಂದು ನಂಬಿಸಿ ಕಳಿಸುವುದು ನನ್ನ ವೃತ್ತಿ. ಬಿಡಿಯಾಗಿ ಕೊಳ್ಳುವವನು ದಡ್ಡ, ಸಗಟಾಗಿ ಕೊಳ್ಳುವವನು ಜಾಣ. ಇಷ್ಟು ಜ್ಞಾನವನ್ನು ತಲೆಯಲ್ಲಿಟ್ಟುಕೊಂಡು ನಾನು ಹೆಂಡತಿಯನ್ನು ದುಬೈಗೆ ಕರೆದುಕೊಂಡು ಹೋಗಲು ಹೊರಟೆ.

ಹೆಂಡತಿ ಜಯ ಅದುವರೆಗೆ ವಿಮಾನ ಹತ್ತಿದವಳಲ್ಲ. ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ವಿಮಾನದ ಸದ್ದು ಕೇಳಿದರೆ ಸಾಕು, ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ತಲೆ ಎತ್ತಿ, ಅದು ಮರೆಯಾಗುವವರೆಗೂ ನಿಂತಿರುತ್ತಿದ್ದಳು. ಮದುವೆಯಾದ ಹೊಸದರಲ್ಲಿ, “ಒಂದಿನ ನಿನ್ನನ್ನ ವಿಮಾನ ಹತ್ತಿಸ್ತೀನಿ ಕಣೇ” ಎಂದಿದ್ದೆ. ಮದುವೆಯ ಬೆಳ್ಳಿ ಹಬ್ಬ ಹತ್ತಿರ ಬಂದರೂ ಅವಳು ಆ ಮಾತನ್ನು ನೆನಪಿಸಲಿಲ್ಲ. ನೆನಪಿಸದೇ ಇದ್ದದ್ದೇ ನನ್ನನ್ನು ಚುಚ್ಚಿತು. ಕೊರೊನಾ ಸ್ವಲ್ಪ ಇಳಿದು ವಿಮಾನಗಳು ಮತ್ತೆ ಹಾರತೊಡಗಿದ್ದ ಕಾಲ. ಅಗ್ಗದ ಪ್ಯಾಕೇಜೊಂದು ಸಿಕ್ಕಿತು, ಹಣ ಕಟ್ಟಿಬಿಟ್ಟೆ. ಜಯ ಮರಳುಗಾಡಿನ ಬಿಸಿಲಿಗೆಂದು ಅಗಲವಾದ ಹ್ಯಾಟೊಂದನ್ನು ಕೊಂಡಳು. ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದವಳು ನಾನು ಬಂದ ಕೂಡಲೇ ನಾಚಿ ತೆಗೆದಿಟ್ಟಳು.

ಪ್ಯಾಕೇಜು ಅಷ್ಟು ಅಗ್ಗ ಏಕೆಂಬುದು ಟ್ರಾವೆಲ್ ಏಜೆಂಟ್ ಫೋನ್ ಮಾಡಿದಾಗ ತಿಳಿಯಿತು.

“ಸಾರ್, ಹೊರಡೋಕ್ ಮುಂಚೆ ಎಪ್ಪತ್ತೆರಡು ಗಂಟೆಯೊಳಗೆ ಒಂದು ಟೆಸ್ಟು. ಏರ್‌ಪೋರ್ಟಲ್ಲಿ ಒಂದು. ಅಲ್ಲಿ ಇಳಿದ ಮೇಲೆ ಒಂದು. ವಾಪಸ್ ಬರೋಕ್ ಮುಂಚೆ ಇನ್ನೊಂದು.”

“ಇವೆಲ್ಲ ಪ್ಯಾಕೇಜಲ್ಲಿ ಸೇರಿದೆ ತಾನೆ?”

“ಬ್ರೇಕ್‌ಫಾಸ್ಟ್ ಸೇರಿದೆ ಸಾರ್.”

ಕೂತು ಲೆಕ್ಕ ಹಾಕಿದೆ. ದುಬೈಯನ್ನು ನೋಡುವ ಖರ್ಚಿಗೂ ನಮ್ಮ ಮೂಗಿನೊಳಗೆ ನೋಡಿಸುವ ಖರ್ಚಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಏರ್‌ಪೋರ್ಟಿನಲ್ಲಿ ಚೌಕಾಸಿ ನಡೆಯದು, ದುಬೈಯಲ್ಲಿ ಭಾಷೆ ಬಾರದು. ಆದರೆ ಮೊದಲನೆಯ ಟೆಸ್ಟು ನಮ್ಮ ಏರಿಯಾದಲ್ಲೇ ಆಗುವಂಥದು. ಮನೆಗೇ ಬಂದು ಸ್ಯಾಂಪಲ್ ತೆಗೆಯುವ ಲ್ಯಾಬೊಂದಕ್ಕೆ ಫೋನ್ ಹಚ್ಚಿದೆ. ಆ ಕಡೆ ಉತ್ತರ ಕರ್ನಾಟಕದವರೊಬ್ಬರು ಸಿಕ್ಕರು.

“ಇಬ್ಬರಿಗೆ ಕಡಿಮಿ ಆಗಂಗಿಲ್ರಿ ಸರ. ಒಂದ ಕಡೆ ನಾಕು ಮಂದಿ ಆದ್ರ ರೇಟ್ ಇಳಸ್ತೀವ್ರಿ.”

ಸಗಟು ದರ! ನನ್ನ ಮೈಯಲ್ಲಿ ವಿದ್ಯುತ್ ಸಂಚಾರವಾಯಿತು.

ನಮ್ಮ ಎದುರು ಮನೆಯ ಮೊದಲನೆಯ ಮಹಡಿಯಲ್ಲಿ ರಂಗಣ್ಣ, ಸಾವಿತ್ರಮ್ಮ ದಂಪತಿ ಇದ್ದಾರೆ. ರಂಗಣ್ಣನವರು ನಿವೃತ್ತ ಬಸ್ ಕಂಡಕ್ಟರ್. ಕೊರೊನಾ ಬಂದಾಗಿನಿಂದ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು, ಹಾಲು ತರಕಾರಿಯನ್ನೆಲ್ಲ ಮೇಲಕ್ಕೆಳೆದುಕೊಂಡು ಬದುಕಿದ್ದ ಜಾಗರೂಕ ಮನುಷ್ಯ.

“ನಮಗ್ಯಾಕಪ್ಪಾ ಟೆಸ್ಟು? ನಾವೆಲ್ಲಿಗೆ ಹೋಗ್ಬೇಕು?” ಎಂದರು.

“ಇಂಥ ರೇಟು ಮತ್ತೆ ಸಿಗಲ್ಲ ರಂಗಣ್ಣೋರೆ. ಲಾಭ ನಿಮಗೇ.”

ಒಪ್ಪಿಬಿಟ್ಟರು. ಆರು ಲೋಟ ಮಾರಿದ ನಾಲಿಗೆ ಅದು, ಸುಮ್ಮನೆಯಲ್ಲ.

ಅಷ್ಟರಲ್ಲಿ ಜಯ ಪಂಚಾಂಗ ಹಿಡಿದುಕೊಂಡು ಬಂದಳು.

“ರೀ, ಹೊರಡೋದು ಮಂಗಳವಾರ. ಮಂಗಳವಾರ ಉತ್ತರಕ್ಕೆ ಶೂಲ. ಆ ದಿಕ್ಕಿಗೆ ಹೊರಡಬಾರದು.”

“ದುಬೈ ಪಶ್ಚಿಮಕ್ಕಿದೆ ಕಣೇ.”

“ಏರ್‌ಪೋರ್ಟ್ ಯಾವ ಕಡೆಗಿದೆ?”

ದೇವನಹಳ್ಳಿ ಇರುವುದು ಉತ್ತರಕ್ಕೆ. ಟಿಕೆಟ್ ಬದಲಾಯಿಸಿದರೆ ದಂಡ ಕಟ್ಟಬೇಕು. ಆಗ ನನ್ನ ಅಜ್ಜಿ ನೆನಪಾದಳು. ಹೊರಡುವ ದಿನ ಸರಿಯಿಲ್ಲದಿದ್ದರೆ ಅವಳು ಮೊದಲೇ ಒಂದು ಒಳ್ಳೆಯ ಹೊತ್ತು ನೋಡಿ, ತನ್ನ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಿದ್ದಳು. ಗಂಟು ಹೊರಟಿತೆಂದರೆ ಮನುಷ್ಯನೂ ಹೊರಟ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಭಾನುವಾರ ಬೆಳಗ್ಗೆ ಹೊತ್ತು ಚೆನ್ನಾಗಿತ್ತು. ರಂಗಣ್ಣನವರ ಮನೆ ನಮಗೆ ಸರಿಯಾಗಿ ಉತ್ತರಕ್ಕಿತ್ತು. ಖರ್ಚಿಲ್ಲದೆ ಶೂಲ ಪರಿಹಾರವಾಯಿತೆಂದು ಜಯಳ ಮುಖ ಅರಳಿತು. ನಾನು ಅಷ್ಟಕ್ಕೇ ನಿಲ್ಲಿಸಬೇಕಿತ್ತು.

“ಬರೀ ಬಟ್ಟೆ ಇಟ್ಟರೆ ಪ್ರಯಾಣ ಅನ್ನಿಸಿಕೊಳ್ಳುತ್ತಾ? ಅಜ್ಜಿ ಕಾಲದಲ್ಲಿ ದಾರಿಗೆ ಬೇಕಾದ ಕೋಲು, ಬುತ್ತಿ ಎಲ್ಲ ಇಡ್ತಿದ್ರು. ಈಗಿನ ಕಾಲಕ್ಕೆ ಅದು ಪಾಸ್‌ಪೋರ್ಟು” ಎಂದು ವಾದಿಸಿ, ಎರಡೂ ಪಾಸ್‌ಪೋರ್ಟುಗಳನ್ನು ಸೂಟ್‌ಕೇಸಿನೊಳಗೆ, ಕೋಡುಬಳೆ ಡಬ್ಬಿಯ ಪಕ್ಕದಲ್ಲಿ ಇಟ್ಟೆ. ಶಾಸ್ತ್ರವನ್ನು ಕಾಲಕ್ಕೆ ತಕ್ಕಂತೆ ತಿದ್ದಿದ ತೃಪ್ತಿ ನನಗೆ.

ಭಾನುವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಲ್ಯಾಬಿನವರು ಬಂದು ನಾಲ್ಕೂ ಮೂಗುಗಳಿಗೆ ಕಡ್ಡಿ ಹಾಕಿದರು. ನಾವಿಬ್ಬರೂ ಸೂಟ್‌ಕೇಸನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಒಳ್ಳೆಯ ಹೊತ್ತಿಗೆ ಸರಿಯಾಗಿ ರಸ್ತೆ ದಾಟಿದೆವು. ಸಾವಿತ್ರಮ್ಮ ಉಪ್ಪಿಟ್ಟು ಕೊಟ್ಟರು. ತಿಂದು, ಹರಟೆ ಹೊಡೆದು ಬಂದೆವು.

ಸೋಮವಾರ ಮಧ್ಯಾಹ್ನ ಮೊಬೈಲಿಗೆ ಫಲಿತಾಂಶ ಬಂತು. ನಾನು ನೆಗೆಟಿವ್. ಜಯ ನೆಗೆಟಿವ್. ಸಾವಿತ್ರಮ್ಮ ನೆಗೆಟಿವ್. ರಂಗಣ್ಣ ಪಾಸಿಟಿವ್.

ಗಾಬರಿಯಿಂದ ಫೋನ್ ಮಾಡಿದೆ.

“ನನಗೇನೂ ಆಗಿಲ್ಲ ಕಣಯ್ಯಾ” ಎಂದರು ರಂಗಣ್ಣ. “ಜ್ವರ ಇಲ್ಲ, ಕೆಮ್ಮಿಲ್ಲ. ಬೆಳಗ್ಗೆ ಎರಡು ದೋಸೆ ಜಾಸ್ತೀನೇ ತಿಂದೆ. ಸುಮ್ನೆ ಇದ್ದವನಿಗೆ ರೇಟು ಕಡಿಮೆ ಅಂತ ಹೇಳಿ ಕೊರೊನಾ ಕೊಡಿಸಿದೆಯಲ್ಲ ನೀನು.”

ಅವರಿಗೆ ಏನೂ ಆಗಿಲ್ಲವೆಂದು ನಮಗೆ ಸಮಾಧಾನವಾಯಿತು. ಕಿಟಕಿಯಿಂದ ನೋಡಿದರೆ, ವಾರ್ಡಿನ ಆರೋಗ್ಯ ಕಾರ್ಯಕರ್ತೆ ಬಂದು ಅವರ ಬಾಗಿಲಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಜಯ ಮೆಲ್ಲಗೆ ಕೇಳಿದಳು.

“ರೀ, ಪಾಸ್‌ಪೋರ್ಟ್ ಎಲ್ಲಿದೆ?”

ಎದುರು ಮನೆಯಲ್ಲಿ, ಕೋಡುಬಳೆ ಡಬ್ಬಿಯ ಪಕ್ಕದಲ್ಲಿ. ಆದರೆ ವ್ಯಾಪಾರಿ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಆ ಮನೆಯ ಬಾಗಿಲು ತಾನೆ ಮುಚ್ಚಿರುವುದು? ಬಾಲ್ಕನಿ ತೆರೆದಿದೆ. ಬಾಲ್ಕನಿಯಲ್ಲಿ ಹಗ್ಗ ಇದೆ.

“ರಂಗಣ್ಣೋರೆ, ಸೂಟ್‌ಕೇಸಿನಿಂದ ಪಾಸ್‌ಪೋರ್ಟಷ್ಟೇ ತೆಗೆದು ಬುಟ್ಟಿಯಲ್ಲಿ ಇಳಿಸಿ” ಎಂದಿದ್ದರೆ ಸಾಕಿತ್ತು. ನನಗದು ಹೊಳೆಯಲೇ ಇಲ್ಲ. ಇಡೀ ಸೂಟ್‌ಕೇಸನ್ನೇ ಇಳಿಸಲು ಹೇಳಿದೆ. ರಂಗಣ್ಣ ಹಗ್ಗ ಬಿಗಿದು ಇಳಿಬಿಟ್ಟರು. ನಾನು ಕೆಳಗೆ ರಸ್ತೆಯಲ್ಲಿ ಎರಡೂ ಕೈ ಚಾಚಿ ನಿಂತೆ.

“ರೈಟ್, ರೈಟ್… ಸ್ವಲ್ಪ ಎಡಕ್ಕೆ… ರೈಟ್… ಹೋಲ್ಡಾನ್” ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಎಷ್ಟೋ ವರ್ಷಗಳ ಮೇಲೆ ಆ ಮಾತು ಆಡಲು ಅವಕಾಶ ಸಿಕ್ಕಿದ್ದಕ್ಕೆ ಅವರ ಮುಖದಲ್ಲಿ ಕಳೆ ಬಂದಿತ್ತು. ಸೂಟ್‌ಕೇಸು ಅರ್ಧದವರೆಗೆ ಬಂದು, ಕೆಳಮನೆಯ ಕಿಟಕಿಯ ಸಜ್ಜಾ ಚಪ್ಪಡಿಯ ಮೇಲೆ ಕುಳಿತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬೀದಿಯವರೆಲ್ಲ ಮಾಸ್ಕ್ ಹಾಕಿಕೊಂಡು ಬಂದು, ಅಂತರ ಕಾಯ್ದುಕೊಂಡು ಸಲಹೆ ಕೊಡತೊಡಗಿದರು. ಆಗ ಆರೋಗ್ಯ ಕಾರ್ಯಕರ್ತೆ ಪಕ್ಕದ ಬೀದಿ ಮುಗಿಸಿಕೊಂಡು ವಾಪಸ್ ಬಂದರು.

“ಏನ್ ಸಾರ್ ಇದು? ಯಾರ ಸೂಟ್‌ಕೇಸು?”

“ನಮ್ದೇ ಮೇಡಂ.”

“ನಿಮ್ದು ಅವರ ಮನೆಗೆ ಹೇಗ್ ಹೋಯ್ತು?”

ಬುದ್ಧಿಯಿದ್ದವನು ಇಲ್ಲಿ ಬಾಯಿ ಮುಚ್ಚುತ್ತಿದ್ದ. ಹಿಂದೆ ನಿಂತಿದ್ದ ಜಯ ನನ್ನ ಅಂಗಿ ಎಳೆದಳು. ನಾನು ಮಾತ್ರ ಗಿರಾಕಿಗೆ ಕುಕ್ಕರಿನ ಗುಣ ವಿವರಿಸುವ ಉತ್ಸಾಹದಲ್ಲಿ ಮಂಗಳವಾರದ ಶೂಲ, ದೇವನಹಳ್ಳಿಯ ದಿಕ್ಕು, ಅಜ್ಜಿಯ ಗಂಟು ಎಲ್ಲವನ್ನೂ ಹೇಳಿದೆ.

“ಸುಮ್ನೆ ಇಟ್ಟು ಬಂದಿಲ್ಲ ಮೇಡಂ. ನಿನ್ನೆ ನಾವಿಬ್ರೂ ಅಲ್ಲೇ ಕೂತು, ಉಪ್ಪಿಟ್ಟು ತಿಂದು, ತುಂಬಾ ಹೊತ್ತು ಮಾತಾಡ್ಕೊಂಡೇ ಬಂದ್ವಿ.”

“ಮಾಸ್ಕ್ ಹಾಕಿದ್ರಾ?”

“ಹಾಕ್ಕೊಂಡು ಉಪ್ಪಿಟ್ಟು ಹೇಗ್ ತಿನ್ನೋದು ಮೇಡಂ?”

ಆಕೆ ಚೀಲದಿಂದ ಇನ್ನೊಂದು ಸ್ಟಿಕ್ಕರ್ ತೆಗೆದು ನಮ್ಮ ಮನೆಯ ಕಡೆ ನಡೆದರು. ನೆಗೆಟಿವ್ ವರದಿಯನ್ನು ಸಗಟು ದರದಲ್ಲಿ ಸಂಪಾದಿಸಿ, ಬಾಯಿಂದಲೇ ಕ್ವಾರಂಟೈನ್ ಸಂಪಾದಿಸಿದ ಮೊದಲ ವರ್ತಕ ನಾನೇ ಇರಬೇಕು. ರಂಗಣ್ಣ ಹೇಗೋ ಎಳೆದಾಡಿ ಸೂಟ್‌ಕೇಸನ್ನು ಮತ್ತೆ ಮೇಲಕ್ಕೆತ್ತಿಕೊಂಡರು.

ಮಂಗಳವಾರ ಸಂಜೆ ಜಯ ತಾರಸಿಗೆ ಹೋದಳು. ನಾನೂ ಹಿಂದೆಯೇ ಹೋದೆ. ದೂರದಲ್ಲಿ ಒಂದು ವಿಮಾನ ಏರುತ್ತಿತ್ತು.

“ನಮ್ದು ಅದೇ ಇರಬೇಕು ಅಲ್ವಾ?” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ನಾನು ಒಣಗಿದ ಬಟ್ಟೆ ತೆಗೆಯತೊಡಗಿದೆ.

ಆಗ ಎದುರು ಬಾಲ್ಕನಿಯಿಂದ ಸಾವಿತ್ರಮ್ಮ ಕೂಗಿದರು.

“ಜಯಾ, ಕೋಡುಬಳೆ ಮೆತ್ತಗಾಗುತ್ತೆ ಅಂತ ಪೆಟ್ಟಿಗೆ ತೆಗೆದೆ ಕಣಮ್ಮ. ನಿಮ್ ಅಂಕಲ್ ಅರ್ಧ ಡಬ್ಬಿ ಮುಗಿಸಿದ್ರು. ಹಂಗೇ ಇದನ್ನೂ ತಗೊಂಡೆ. ಮೆಣಸಿನಕಾಯಿ ಒಣಗಿಸೋವಾಗ ಬಿಸಿಲು ಜಾಸ್ತಿ ನೋಡು.”

ಅವರ ತಲೆಯ ಮೇಲೆ ದುಬೈಯ ಹ್ಯಾಟು ಕುಳಿತಿತ್ತು. ಜಯ ನೋಡಿದಳು. ತುಟಿ ಕಚ್ಚಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕಳು. ನಕ್ಕು ನಕ್ಕು ನೀರಿನ ಟ್ಯಾಂಕಿಗೆ ಒರಗಿ ಕುಳಿತಳು. ಒಳ್ಳೆಯ ಹೊತ್ತಿಗೆ ಹೊರಟಿದ್ದ ಸೂಟ್‌ಕೇಸೊಂದೇ ನಮ್ಮ ಪೈಕಿ ಯಾವ ವಿಘ್ನವೂ ಇಲ್ಲದೆ ಪ್ರವಾಸ ಮಾಡುತ್ತಿತ್ತು.

ಕ್ವಾರಂಟೈನ್ ಮುಗಿಯಿತು. ರಂಗಣ್ಣ ಕೊನೆಯವರೆಗೂ ಒಂದು ಸಲವೂ ಸೀನಲಿಲ್ಲ. ಏಜೆಂಟನ ಕೈಕಾಲು ಹಿಡಿದು, ದಂಡ ಕಟ್ಟಿ ಟಿಕೆಟನ್ನು ಮುಂದಕ್ಕೆ ಹಾಕಿಸಿದೆ. ನಾವು ಹೊರಡುವ ಹೊತ್ತಿಗೆ ನಿಯಮಗಳೆಲ್ಲ ಸಡಿಲವಾಗಿ, ಯಾವ ಟೆಸ್ಟೂ ಬೇಕಾಗಿರಲಿಲ್ಲ. ಆದರೆ ಹೊಸ ಟಿಕೆಟ್ಟೂ ಮಂಗಳವಾರಕ್ಕೇ ಸಿಕ್ಕಿತ್ತು.

“ಮತ್ತೆ ಪ್ರಸ್ಥಾನ ಇಡಬೇಕಲ್ಲಾ” ಎಂದೆ.

“ಇಡೋಣ. ಸೂಟ್‌ಕೇಸ್ ಬೇಡ, ಪಾಸ್‌ಪೋರ್ಟ್ ಬೇಡ. ಈ ಸಲ ನಿಮ್ಮನ್ನ ಇಡ್ತೀನಿ” ಎಂದಳು ಜಯ. “ನೀವು ಅಲ್ಲಿದ್ರೆ ಇಲ್ಲಿ ಯಾವುದೂ ಕೆಡಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ. ಭಾನುವಾರ ಒಳ್ಳೆಯ ಹೊತ್ತು ನೋಡಿ, ನನ್ನ ಹಣೆಗೂ ಕುಂಕುಮ ಹಚ್ಚಿ, ಫೋನ್ ಕಿತ್ತಿಟ್ಟುಕೊಂಡು ರಸ್ತೆ ದಾಟಿಸಿದಳು. ಎರಡು ದಿನ ನಾನು ರಂಗಣ್ಣನವರ ಸೋಫಾದ ಮೇಲೆ, ಹಿಂದೆ ಸೂಟ್‌ಕೇಸು ಇದ್ದ ಜಾಗದ ಪಕ್ಕದಲ್ಲೇ ಕುಳಿತು ಅವರ ಬಸ್ಸಿನ ಕತೆ ಕೇಳಿದೆ.

ಮಂಗಳವಾರ ಕ್ಯಾಬ್ ಬಂತು. ಬಾಲ್ಕನಿಯಿಂದ ನೋಡುತ್ತಿದ್ದೆ. ಜಯ ಹ್ಯಾಟು ಹಾಕಿಕೊಂಡೇ ಹೊರಗೆ ಬಂದಳು. ಸೂಟ್‌ಕೇಸನ್ನು ಡಿಕ್ಕಿಗೆ ಹಾಕಿಸಿದಳು, ಪಾಸ್‌ಪೋರ್ಟುಗಳನ್ನು ವ್ಯಾನಿಟಿ ಬ್ಯಾಗಿನಲ್ಲಿ ಮುಟ್ಟಿ ನೋಡಿಕೊಂಡಳು. ಡ್ರೈವರ್ ಡಿಕ್ಕಿ ಮುಚ್ಚಲು ಹೋದ.

“ಸ್ವಲ್ಪ ಇರಪ್ಪಾ” ಎಂದಳು. “ಎದುರು ಮನೇಲಿ ಇನ್ನೊಂದು ಲಗೇಜಿದೆ.”