ಹನ್ನೆರಡು ಸಲ ಕೆಡಬೇಕಾದ ಕಾರು

"ಇನ್ನು ಮೇಲೆ ಈ ಕಾರಿನ ಬಾನೆಟ್ಟಿಗೆ ಪರಕೀಯರ ಕೈ ತಾಗಕೂಡದು!" ಎಂದು ಮೂಡುಬಿದಿರೆಯ ಪುಷ್ಪರಾಜರು ಕಾಫಿ ಲೋಟ ಕುಟ್ಟಿ ಘೋಷಿಸಿದರು.

ಕಾರು ತಂದೆಯವರ ಕಾಲದ್ದು, ಊರು ಬಿಟ್ಟುಹೋದ ಒಬ್ಬ ಬಿಳಿಯ ದೊರೆಯಿಂದ ಕೊಂಡದ್ದು. ಆಗಾಗ ಎಂಜಿನ್ ಟ್ಯೂನಿಂಗ್ ಆಗದಿದ್ದರೆ ಕೆಮ್ಮುತ್ತದೆ, ಏರಿನಲ್ಲಿ ನಿಂತು ಯೋಚಿಸುತ್ತದೆ. ಪ್ರತಿ ಸಲವೂ ತೋಡಾರಿನ ಮೂಸಬ್ಬನ ಶೆಡ್ಡಿಗೆ ಒಯ್ದು, ಐದು ರೂಪಾಯಿ ಕೊಟ್ಟು, ಬೆಂಚಿನಲ್ಲಿ ಸಂಜೆಯವರೆಗೆ ಆಕಳಿಸಿ ಪುಷ್ಪರಾಜರಿಗೆ ಸಾಕುಸಾಕಾಗಿತ್ತು. ಅದಕ್ಕೇ ಮಂಗಳೂರಿನಿಂದ ಒಂದು ತಗಡಿನ ಪೆಟ್ಟಿಗೆ ತುಂಬ ಹತ್ಯಾರು ತಂದರು: ಪ್ಲಗ್ಗು ಬಿಚ್ಚುವ ಸ್ಪ್ಯಾನರು, ಸಂದು ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿಗಳು, ಗಾಜಿನ ಮುಖದ ಒಂದು ಮೀಟರು.

"ಎಷ್ಟಾಯಿತು?" ಹೆಂಡತಿ ವಿಮಲಾ ಕೇಳಿದಳು.

"ಅರುವತ್ತು. ಆದರೆ ಲೆಕ್ಕ ಕೇಳು! ಮೂಸಬ್ಬನಿಗೆ ಸಲಕ್ಕೆ ಐದು. ಹನ್ನೆರಡು ಸಲ ನಾನೇ ಮಾಡಿದರೆ ಹತ್ಯಾರು ಪುಕ್ಕಟೆ!"

"ಹಾಗಾದ್ರೆ ನಮಗೆ ಲಾಭ ಆಗ್ಲಿಕ್ಕೆ ಕಾರು ಹನ್ನೆರಡು ಸಲ ಹಾಳಾಗ್ಬೇಕಾ ಮಾರಾಯ್ರೆ?"

ಇವಳಿಗೆ ಬಂಡವಾಳದ ಸೂಕ್ಷ್ಮ ತಿಳಿಯದು ಎಂದುಕೊಂಡರು ಪುಷ್ಪರಾಜರು. ಕಾರಿಗೂ ತಿಳಿಯಲಿಲ್ಲ! ತಿಂಗಳು ಕಳೆದರೂ ಒಂದು ಕೆಮ್ಮಿಲ್ಲ. ಅರುವತ್ತು ರೂಪಾಯಿ ಪೆಟ್ಟಿಗೆಯೊಳಗೆ ಸುಮ್ಮನೆ ಮಲಗಿದೆ. ತಾಳಲಾರದೆ ಒಂದು ಬೆಳಿಗ್ಗೆ ಗುಂಡುಕಲ್ಲಿನಂತಿದ್ದ ಎಂಜಿನ್ನನ್ನೇ ಬಿಚ್ಚಿ ಟ್ಯೂನ್ ಮಾಡಿದರು.

ಅಂದೇ ಇಳಿಹೊತ್ತಿಗೆ ಬಂಟ್ವಾಳಕ್ಕೆ, ವಿಮಲಾಳ ತವರಿಗೆ ಹೊರಡಬೇಕಿತ್ತು. ಕಾಯಿಲೆಯಿಂದ ಎದ್ದ ತಾಯಿ ಎಷ್ಟೋ ಸಮಯದ ಮೇಲೆ ಒಲೆಯ ಮುಂದೆ ಕೂತು, ಮಗಳಿಗೆಂದೇ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸುವ ಗುಂಡ, ಅದಕ್ಕೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಮಾಡಿದ್ದರು. ಜೈನರ ಮನೆ, ಹೊತ್ತು ಕಂತಿದ ಮೇಲೆ ಒಂದು ತುತ್ತೂ ಬಾಯಿಗೆ ಹೋಗುವಂತಿಲ್ಲ.

"ಹೊತ್ತು ಕಂತುವ ಮೊದಲು ಮುಟ್ಟುತ್ತೇವಲ್ಲ?" ಕಾರು ಹತ್ತುವಾಗ ವಿಮಲಾ ಕೇಳಿದಳು.

"ನನ್ನ ಟ್ಯೂನಿಂಗ್ ನೋಡಿ ಸೂರ್ಯನೇ ಬೆರಗಾಗಿ ನಿಲ್ಲಬೇಕು!"

ಸೂರ್ಯ ನಿಲ್ಲಲಿಲ್ಲ. ಕಾರು ನಿಂತಿತು, ಸಿದ್ಧಕಟ್ಟೆಯಲ್ಲಿ.

"ಅಗೋ, ಬಂಟ್ವಾಳದ ಬಸ್ಸು. ಹತ್ತುವ. ಅಮ್ಮ ಕಾಯ್ತಾ ಇರ್ತಾರೆ."

"ಅರುವತ್ತು ರೂಪಾಯಿಯ ಹತ್ಯಾರು ಡಿಕ್ಕಿಯಲ್ಲಿಟ್ಟುಕೊಂಡು ಬಸ್ಸಿಗೆ ಟಿಕೆಟ್ ತೆಗೆಯುವುದಾ? ಐದೇ ನಿಮಿಷ!"

ಬಸ್ಸು ಧೂಳೆಬ್ಬಿಸಿ ಹೋಯಿತು. ವಿಮಲಾ ಮೋರಿಯ ಕಟ್ಟೆಯ ಮೇಲೆ ಕೂತಳು. ಪುಷ್ಪರಾಜರು ಬಿಚ್ಚಿದರು, ಅಳೆದರು, ಉಜ್ಜಿದರು, ಬೆಳಿಗ್ಗೆ ತಾವೇ ಕೆಡಿಸಿದ್ದನ್ನು ತಾವೇ ಸರಿಮಾಡಿದರು. ಕೊನೆಗೆ ಎಂಜಿನ್ ಸಣ್ಣಗೆ, ಇಂಪಾಗಿ ಹಾಡತೊಡಗಿತು.

"ಕೇಳಿದೆಯಾ? ವೀಣೆ!" ಎಂದು ಮಸಿ ಮುಖ ಎತ್ತಿದರು. ವಿಮಲಾ ಪಡುವಣಕ್ಕೆ ನೋಡುತ್ತಿದ್ದಳು. ಅಲ್ಲಿ ಕೆಂಪೂ ಉಳಿದಿರಲಿಲ್ಲ.

ಬಂಟ್ವಾಳ ಮುಟ್ಟಿದಾಗ ಮನೆಯಲ್ಲಿ ದೀಪ ಹಚ್ಚಿ ಆಗಿತ್ತು. ಏಲಕ್ಕಿಯ ಪರಿಮಳ ಮಾತ್ರ ಇನ್ನೂ ಇತ್ತು. "ಕಾಯಿಹಾಲು ನಾಳೆಗೆ ಉಳಿಯುವುದಿಲ್ಲ ಮಗಾ" ಎಂದು ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪುಷ್ಪರಾಜರಿಗೆ ಹಸಿವಿಗಿಂತ ನಾಚಿಕೆಯೇ ಹೆಚ್ಚು ಸುಟ್ಟಿತು.

ವಿಮಲಾಳ ತಮ್ಮ ಅಜಿತಕುಮಾರನಿಗೆ ದಾರಿಯಲ್ಲಿ ಆದದ್ದೇನೂ ತಿಳಿಯದು. "ಹೊಸ ಹತ್ಯಾರು ತಂದಿದ್ದೀರಂತೆ ಭಾವ! ಎಷ್ಟು ಬಿತ್ತು?"

ಪುಷ್ಪರಾಜರು ಬಾಯಿ ತೆರೆಯುವ ಮೊದಲೇ, ಕಂಬಕ್ಕೊರಗಿ ಕಣ್ಣು ಮುಚ್ಚಿದ್ದ ವಿಮಲಾ ಹೇಳಿದಳು:

"ಇವತ್ತಿಗೆ ಒಂದು ಉಪವಾಸ ಬಿತ್ತು ತಮ್ಮಾ. ಇನ್ನು ಹನ್ನೊಂದು ಮಾಡಿದರೆ ಹತ್ಯಾರು ಪುಕ್ಕಟೆ!"