ದೊಡ್ಡಪ್ಪನ ಬಲಗಾಲಿನ ಹೆಬ್ಬೆರಳು

ನಮ್ಮ ದೊಡ್ಡಪ್ಪನ ಬುದ್ಧಿ ಇದ್ದದ್ದು ಬಲಗಾಲಿನ ಹೆಬ್ಬೆರಳಲ್ಲಿ. ಇದು ನನ್ನ ನಿಂದೆಯಲ್ಲ, ದೊಡ್ಡಮ್ಮ ಸಂಸಾರವಿಡೀ ನಡೆಸಿದ ಸಂಶೋಧನೆಯ ಫಲ!

ಶಿಡ್ಲಘಟ್ಟದ ಹತ್ತಿರ ರೇಷ್ಮೆಹುಳು ಸಾಕುವ ದೊಡ್ಡಪ್ಪ ಮದುವೆ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದರು. ಗಿಟಾರಿಗೂ ಸ್ಪೀಕರಿಗೂ ನಡುವೆ, ಅವರ ಕಾಲಬುಡದಲ್ಲಿ, ಸೋಪಿನ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಅದೇ ಬೂಸ್ಟ್ ಪೆಡಲ್. ಹಾಡಿನ ನಡುವೆ ಗಿಟಾರಿನ ಸರದಿ ಬಂದಾಗ ಒಮ್ಮೆ ತುಳಿಯಬೇಕು, ದನಿ ಏರುತ್ತದೆ. ಗಾಯಕರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಮ್ಮೆ ತುಳಿಯಬೇಕು, ಇಳಿಯುತ್ತದೆ. ಈ ಎರಡನೆಯ ತುಳಿತ ದೊಡ್ಡಪ್ಪನಿಗೆ ಎಂದಾದರೂ ನೆನಪಾಗಿತ್ತೇ? ಗೌರಿಬಿದನೂರಿನ ಒಂದು ಆರತಕ್ಷತೆಯಲ್ಲಿ ಗಾಯಕಿ ದನಿಯಿಲ್ಲದೆ ತುಟಿ ಆಡಿಸುತ್ತಿದ್ದರೆ, ಮದುಮಗಳ ತಾತ ಕಿವಿಯ ಮಿಷನ್ ತೆಗೆದು ಜೇಬಿಗಿಳಿಸಿ ಹಾಯಾಗಿ ಮೈಸೂರುಪಾಕು ತಿಂದರು!

"ಚಪ್ಪಲಿ ಹಾಕ್ಕೊಂಡು ತುಳೀರಿ ದೊಡ್ಡಪ್ಪ" ಎಂದಿದ್ದೆ, ಅವರು ಬರಿಗಾಲ ಹೆಬ್ಬೆರಳಿನಿಂದಲೇ ತುಳಿಯುವುದನ್ನು ನೋಡಿ.

"ದೇವರ ಮನೆಗೆ ಚಪ್ಪಲಿ ಹಾಕ್ಕೊಂಡು ಹೋಗ್ತೀಯೇನಮ್ಮಾ? ಸ್ವಿಚ್ಚು ಬೆರಳಿಗೆ ಗೊತ್ತಾಗ್ಬೇಕು ಕಣೇ."

ಮನೆಯಲ್ಲಿ ಅಭ್ಯಾಸ ಶುರುವಾದರೆ ಹುಳುಮನೆಯಿಂದ ದೊಡ್ಡಮ್ಮನ ಮಂಗಳಾರತಿ. ಪೊರೆ ಬಿಡುವ ಮುನ್ನ ಹುಳುಗಳು ಸೊಪ್ಪು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ; ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅಲ್ಲಿ ಕೆಮ್ಮುವುದಕ್ಕೂ ದೊಡ್ಡಮ್ಮನ ಅಪ್ಪಣೆ ಬೇಕು.

"ರೀ, ಹುಳ ಜ್ವರಕ್ಕೆ ಕೂತವೆ! ಅದನ್ನ ತುಳಿಯೋ ಕಾಲು ಬಿದ್ದೋಗ!"

"ಬಿದ್ರೆ ಇನ್ನೊಂದೈತಲ್ಲೇ!"

ಹೋದ ವರ್ಷ ಪೆಡಲ್ ಕೆಟ್ಟಿತು. ಒತ್ತಿದರೆ ಒತ್ತಿದ್ದೇ ಗೊತ್ತಾಗುವುದಿಲ್ಲವೆಂದು ದೊಡ್ಡಪ್ಪ ಅದನ್ನು ಚಿಂತಾಮಣಿಗೆ ರಿಪೇರಿಗೆ ಒಯ್ದರು. "ಬಾಗಾನೇ ಉಂದನ್ನಾ, ಏನೂ ಆಗಿಲ್ಲ" ಎಂದು ಅಂಗಡಿಯವನು ತೆಲುಗು ಬೆರೆಸಿ ಹೇಳಿ ಹಿಂದಿರುಗಿಸಿದ. ಮತ್ತೆ ಒಯ್ದರು. ಮತ್ತೆ ಅದೇ ಮಾತು. ಅವನಿಗೆ ಕೆಲಸ ಬರುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಬಂದರು. ಕೊನೆಗೆ ಪೆಟ್ಟಿಗೆಯ ಮೇಲಿನ ಕಂದು ಕಲೆಯನ್ನು ತುಕ್ಕೆಂದುಕೊಂಡು ದೊಡ್ಡಮ್ಮ ಒದ್ದೆ ಬಟ್ಟೆಯಿಂದ ಒರೆಸಿದರು. ಬಟ್ಟೆ ಕೆಂಪಾಯಿತು.

ಪೆಡಲ್ ಚೆನ್ನಾಗಿಯೇ ಇತ್ತು. ಸಕ್ಕರೆ ಕಾಯಿಲೆ ಹೆಬ್ಬೆರಳಿನ ಸ್ಪರ್ಶವನ್ನು ಎಂದೋ ತಿಂದುಹಾಕಿ, ಅಡಿಯಲ್ಲಿ ಹುಣ್ಣು ಮೂಳೆ ಮುಟ್ಟಿತ್ತು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ನಾನೂ ಹೋಗಿದ್ದೆ. ಪಾದ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ದೊಡ್ಡಪ್ಪ, "ಹೆಬ್ಬೆಟ್ಟೊಂದು ಬಿಟ್ಟು ಮಿಕ್ಕಿದ್ದು ತಗೊಳ್ಳಿ ಸಾರ್" ಎಂದು ಚೌಕಾಸಿಗಿಳಿದರು. ಡಾಕ್ಟರು ನಕ್ಕುಬಿಟ್ಟರು, ನಾನೂ ನಕ್ಕೆ. ದೊಡ್ಡಮ್ಮ ನಗಲಿಲ್ಲ.

ಪಾದ ಹೋಯಿತು. ಎಡಗಾಲಿಗೂ ಸ್ಪರ್ಶ ಕಡಿಮೆ, ಬರಿಗಾಲಲ್ಲಿ ಏನನ್ನೂ ತುಳಿಯಬಾರದೆಂದು ಕಟ್ಟಪ್ಪಣೆಯಾಯಿತು. ಅಂದಿನಿಂದ ದೊಡ್ಡಮ್ಮ ಯಾರನ್ನೂ, ಹುಳುಮನೆಗೆ ನುಗ್ಗುವ ಇರುವೆಯನ್ನೂ, ಬೈದದ್ದು ನಾನು ಕೇಳಿಲ್ಲ.

ಮೊನ್ನೆ ಭಾನುವಾರ ಹೋದಾಗ ದೊಡ್ಡಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಗಿಟಾರ್ ನುಡಿಸುತ್ತಿದ್ದರು. ಪೆಡಲ್ ಹಳೆಯ ಜಾಗದಲ್ಲೇ ಇತ್ತು. ಗಿಟಾರಿನ ಸರದಿ ಬರುತ್ತಿದ್ದಂತೆ ಪಾದವಿಲ್ಲದ ಕಾಲು ತಾನಾಗಿ ಎದ್ದು, ಗಾಳಿಯಲ್ಲಿ ನಿಂತಿತು.

ಹುಳುಮನೆಯ ಬಾಗಿಲಲ್ಲಿದ್ದ ದೊಡ್ಡಮ್ಮ ಬಂದರು. ಚಪ್ಪಲಿ ಕಳಚಿ, ಬಲಗಾಲಿನ ಹೆಬ್ಬೆರಳಿನಿಂದ ಪೆಡಲ್ ತುಳಿದರು. ದನಿ ಬೀದಿ ತುಂಬಿತು. ದೊಡ್ಡಪ್ಪ ತಲೆ ಎತ್ತಲಿಲ್ಲ, ಸರದಿ ಮುಗಿಯುವವರೆಗೂ ನುಡಿಸಿದರು.

"ಆರಿಸೇ" ಎಂದರು ಆಮೇಲೆ, "ಹುಳ ಜ್ವರಕ್ಕೆ ಕೂತವೆ."

ದೊಡ್ಡಮ್ಮ ಕಾಲು ಕದಲಿಸಲಿಲ್ಲ.

"ಇರ್ಲಿ ಬಿಡಿ. ನುಡಿಸಿ."