ಮೂರು ಕಿರೀಟದ ಚಮಚಗಳು

ಹೆಂಡತಿ ತವರಿಗೆ ಹೋದಾಗ ಗಂಡಸರು ಹಾಲು ಉಕ್ಕಿಸುತ್ತಾರೆ, ಅನ್ನ ಸೀಯಿಸುತ್ತಾರೆ. ದೊಡ್ಡಬಳ್ಳಾಪುರದ ಮಗ್ಗದ ಚೌಡಯ್ಯ ಅಂಥ ಸಣ್ಣಪುಟ್ಟದಕ್ಕೆಲ್ಲ ಕೈಹಾಕುವ ಆಸಾಮಿಯಲ್ಲ. ಹೆಂಡತಿ ಮುನಿರತ್ನಮ್ಮ ತವರಾದ ಜಡಿಗೇನಹಳ್ಳಿಗೆ ಹೋದ ಮಾರನೆಯ ದಿನವೇ, ಅವಳ ತಾಯಿ ಮದುವೆಯಲ್ಲಿ ಕೊಟ್ಟಿದ್ದ ಬೆಳ್ಳಿ ಚೊಂಬನ್ನು ಹಳೆ ಸಾಮಾನಿನವನಿಗೆ ಕೊಟ್ಟು, ಬದಲಿಗೆ ಆರು ಚಮಚ ಇಸಿದುಕೊಂಡುಬಿಟ್ಟ.

"ಸ್ವೀಡನ್ ಬೆಳ್ಳಿ ಸಾರ್, ನೂರು ವರ್ಷದ್ದು" ಎಂದಿದ್ದ ಅವನು. ಫಿರಂಗಿ ಹಗರಣದ ಕಾಲ ಅದು, ಸ್ವೀಡನ್ ಹೆಸರು ದಿನಾ ಪೇಪರಿನಲ್ಲಿ ಬರುತ್ತಿತ್ತು. ಇಷ್ಟೊಂದು ಸಲ ಬರಬೇಕಾದರೆ ಒಳ್ಳೆಯ ದೇಶವೇ ಇರಬೇಕು ಎಂದುಕೊಂಡ ಚೌಡಯ್ಯ.

ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ಮುನಿರತ್ನಮ್ಮ ವಾಪಸ್ಸು ಬರುವವಳು. ಬೆಳಿಗ್ಗೆ ಪಕ್ಕದ ಮನೆಯ ಪಾಪಯ್ಯ ಒಂದು ಚಮಚ ಎತ್ತಿಕೊಂಡು ಬೆರಳಿನಿಂದ ಟಣ್ಣೆನಿಸಿದ.

"ಇದು ಬೆಳ್ಳಿ ಅಂತ ಯಾವನಪ್ಪಾ ಹೇಳಿದ್ದು? ನಮ್ಮತ್ತಿಗೇನ ಮಾತಾಡ್ಸಿದ್ರೆ ಇದಕ್ಕಿಂತ ಚೆನ್ನಾಗಿ ಟಣ್ ಅಂತಾಳೆ."

ಚೌಡಯ್ಯ ಮಗ್ಗ ನಿಲ್ಲಿಸಿ ಅಕ್ಕಸಾಲಿ ಪಿಳ್ಳಪ್ಪನ ಹತ್ತಿರ ಓಡಿದ. ಪಾಪಯ್ಯನೂ ಹಿಂದೆಯೇ ಬಂದ. ಇನ್ನೊಬ್ಬರ ತಾಪತ್ರಯ ಕಂಡರೆ ಅವನಿಗೆ ಮನೆಯಲ್ಲಿ ಕೂತಿರಲು ಆಗುವುದಿಲ್ಲ.

ಪಿಳ್ಳಪ್ಪ ಚೊಂಬಿನ ಕಥೆ ಕೇಳಿ, ಚಮಚವನ್ನು ಒರೆಗಲ್ಲಿಗೆ ಉಜ್ಜಿ, ತಕ್ಕಡಿಯಲ್ಲಿ ತೂಗಿ, ವೈದ್ಯರ ಹಾಗೆ ನಿಟ್ಟುಸಿರು ಬಿಟ್ಟ. "ಬೆಳ್ಳೀನೇ. ಆದ್ರೆ ತಾಮ್ರ ಜಾಸ್ತಿ ಬೆರ್ಸವ್ರೆ. ಕರಗಿಸಿದ್ರೆ ನಿಮ್ಮ ಚೊಂಬಿನಲ್ಲಿ ಕಾಲು ಭಾಗ ಬಂದ್ರೆ ಪುಣ್ಯ."

"ಹಂಗಾದ್ರೆ ನಾನು ಸತ್ತೆ" ಎಂದ ಚೌಡಯ್ಯ. ಮನಸಾರೆ ಹೇಳಿದ ಮಾತದು. ಮುನಿರತ್ನಮ್ಮ ತವರಿನ ಆ ಚೊಂಬನ್ನು ದೀಪಾವಳಿಗೆ ಒಮ್ಮೆ ಹೊರಗೆ ತೆಗೆದು, ತಾನೇ ತೊಳೆದು, ತಾನೇ ಒರೆಸಿ ಒಳಗಿಡುತ್ತಿದ್ದಳು. ಗಂಡನಿಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಅಲ್ಲಿಗೆ ಬಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಆದಿನಾರಾಯಣಪ್ಪ ಚಮಚದ ಹಿಂಭಾಗ ನೋಡಿದರು. "ತೂಕ ಬಿಡ್ರೀ. ಇಲ್ಲಿ ಸಣ್ಣ ಸಣ್ಣ ಮುದ್ರೆ ಒತ್ತವ್ರೆ. ಇಂಥದ್ದಕ್ಕೆ ಬೆಲೆ ಬರೋದೇ ಮುದ್ರೆಯಿಂದ. ಬೆಂಗಳೂರಲ್ಲಿ ನನಗೆ ಗೊತ್ತಿರೋ ಸಾಹೇಬರೊಬ್ಬರು ಇದನ್ನೇ ಕೂಡಿಹಾಕ್ತಾರೆ. ಬನ್ನಿ, ಫೋನ್ ಮಾಡಾಣ."

ಮೂವರೂ ಎಸ್‌ಟಿಡಿ ಬೂತಿಗೆ ಹೋದರು. ಮೇಷ್ಟ್ರು ಒಳಗೆ, ಚೌಡಯ್ಯ ಬಾಗಿಲಲ್ಲಿ. ಸೀರೆಯ ಎಳೆ ಎಣಿಸುವ ಗಾಜನ್ನು ಕಣ್ಣಿಗೆ ಒತ್ತಿಕೊಂಡು ಅವನು ಚಮಚದ ಬೆನ್ನು ನೋಡತೊಡಗಿದ. ಫೋನಿಗೆ ಕಾಯುತ್ತಿದ್ದವರೆಲ್ಲ ಸುತ್ತ ಮುತ್ತಿಕೊಂಡರು.

"ಒಂದೇ ಚೌಕಟ್ಟಲ್ಲಿ ಮೂರು ಕಿರೀಟ ಇವೆಯಾ ಅಂತ ಕೇಳ್ತವ್ರೆ. ಅದು ಅಲ್ಲಿನ ಸರ್ಕಾರದ ಮುದ್ರೆಯಂತೆ" ಎಂದರು ಮೇಷ್ಟ್ರು.

"ಮೂರು ಏನೋ ಇವೆ. ಕೋಡುಬಳೆ ಇದ್ದಂಗವೆ."

"ತಾರಪ್ಪಾ ಇಲ್ಲಿ" ಎಂದು ಪಾಪಯ್ಯ ಗಾಜು ಕಿತ್ತುಕೊಂಡ. ಊರಿನ ನಾಟಕಗಳಲ್ಲಿ ಅವನೇ ಖಾಯಂ ದುರ್ಯೋಧನ. "ಕಿರೀಟಾನೇ! ಇಪ್ಪತ್ತು ವರ್ಷ ತಲೆ ಮೇಲೆ ಹೊತ್ತಿದೀನಿ, ನನಗೆ ಗೊತ್ತಾಗಲ್ವಾ?"

"ಕಿರೀಟ ಇಟ್ಕೊಂಡಿರೋ ತಲೆ?" ಎಂದು ಮುಂದಿನದು ಕೇಳಿದರು ಮೇಷ್ಟ್ರು. " ಅದು ಸ್ಟಾಕ್‌ಹೋಮ್ ಊರಿನ ಗುರುತು."

"ಐತೆ! ಮೀಸೆ ಮಾತ್ರ ಇಲ್ಲ, ಪಾಪ."

"ಇಂಗ್ಲಿಷಿನ ಡಿ, ಪಕ್ಕದಲ್ಲಿ ಐದು?"

"ಐತೆ!" ಎಂದು ಬಸ್ಸಿಗೆ ಹೊರಟಿದ್ದ ಅಪರಿಚಿತನೊಬ್ಬ ಕೂಗಿದ.

"ಅದು ವರ್ಷದ ಗುರುತಂತೆ. ಹಂಗಾದ್ರೆ ಸಾವಿರದೆಂಟುನೂರ ಐವತ್ತೆಂಟು. ಕೊನೇದು, ಮಾಡಿದವನ ಮುದ್ರೆ. ಎನ್, ಎಲ್ ಅಂತ ಎರಡಕ್ಷರ?"

ಚೌಡಯ್ಯ ಗಾಜು ವಾಪಸ್ಸು ಕಿತ್ತುಕೊಂಡು ನೋಡಿದ. ಇದ್ದವು, ಎರಡೂ ಇದ್ದವು.

ಮೇಷ್ಟ್ರು ಬೆವರು ಒರೆಸಿಕೊಂಡು ಹೊರಗೆ ಬಂದರು. "ಸಾಹೇಬರು ಹತ್ತು ವರ್ಷದಿಂದ ಇವನ ಕೈಕೆಲಸಾನೇ ಹುಡುಕ್ತಾ ಇದ್ರಂತೆ. ಐದು ಗಂಟೆಗೆ ಬರ್ತಾರೆ. ಒಂದಲ್ಲ, ನಾಲ್ಕು ಚೊಂಬು ತಗೋಬಹುದು ಕಣಯ್ಯಾ. ಆದ್ರೆ ನಾಲ್ಕೂ ಮುದ್ರೆ ಇರಬೇಕು. ಇಲ್ದಿದ್ರೆ ಬರೀ ಚಮಚ."

ಚೌಡಯ್ಯ ಗಾಳಿಯಲ್ಲಿ ತೇಲುತ್ತಾ ಮನೆಗೆ ಬಂದು, ಆರೂ ಚಮಚಗಳನ್ನು ಒರೆಸಿ ಪಡಸಾಲೆಯ ಚಾಪೆಯ ಮೇಲೆ ಸಾಲಾಗಿ ಮಲಗಿಸಿದ. ಸಾಹೇಬರ ದುಡ್ಡು ಕೈಗೆ ಬಂದೊಡನೆ ಅಂಥದ್ದೇ ಚೊಂಬು ತಂದಿಟ್ಟುಬಿಟ್ಟರೆ ಹೆಂಡತಿಗೆ ಗೊತ್ತಾಗುವ ಮಾತೇ ಇಲ್ಲ.

ನಾಲ್ಕಕ್ಕೆ ಮುನಿರತ್ನಮ್ಮ ಬಂದಳು. ಬಂದವಳ ಕಣ್ಣು ನೇರ ಚಾಪೆಯ ಮೇಲೆಯೇ ಬಿತ್ತು.

"ಏನ್ರೀ ಇದು?"

"ಬೆಳ್ಳಿ ಚಮಚ. ನಿನಗೇ ಅಂತ ತಂದೆ" ಎಂದುಬಿಟ್ಟ ಚೌಡಯ್ಯ, ಬೇರೇನೂ ತೋಚದೆ.

ಮದುವೆಯಾದ ಹದಿನೆಂಟು ವರ್ಷದಲ್ಲಿ ಅವನು ಅವಳಿಗೆಂದು ತಂದ ಮೊದಲ ಬೆಳ್ಳಿ ಅದು. ಅವಳ ಕಣ್ಣು ತುಂಬಿಬಂತು. ಚೌಡಯ್ಯನಿಗೆ ಒಳಗೊಳಗೇ ನಾಚಿಕೆಯಾಯಿತು. "ಬಸ್ ಸ್ಟ್ಯಾಂಡಿಗೆ ಹೋಗ್ಬರ್ತೀನಿ, ಒಬ್ಬರು ನೆಂಟರಂಥೋರು ಬರ್ತವ್ರೆ" ಎಂದು ಜಾಗ ಖಾಲಿ ಮಾಡಿದ.

ಸಾಹೇಬರ ಬಸ್ಸು ಒಂದು ಗಂಟೆ ತಡವಾಗಿ ಬಂತು. ಅವರನ್ನು ಮೆರವಣಿಗೆಯಂತೆ ಕರೆತಂದದ್ದಾಯಿತು. ಅವರು ಚಾಪೆಯ ಮೇಲೆ ಕೂತು, ಭೂತಗನ್ನಡಿ ತೆಗೆದು, ಒಂದು ಚಮಚ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಆರೂ ಮುಗಿದವು.

"ಕಿರೀಟ ಎಲ್ಲಿ?" ಎಂದು ಕೇಳಿದರು ಮೆಲ್ಲಗೆ.

ಚೌಡಯ್ಯ ಬಗ್ಗಿ ನೋಡಿದ. ಚಮಚದ ಬೆನ್ನು ಹೊಳೆಯುತ್ತಿತ್ತು. ಅಲ್ಲಿ ಚುಕ್ಕಿ ಚುಕ್ಕಿಯಾಗಿ, ಕನ್ನಡದಲ್ಲಿ, 'ಚೌಡಯ್ಯ' ಎಂದಿತ್ತು.

ಮುನಿರತ್ನಮ್ಮ ಕಾಫಿ ಹಿಡಿದು ಬಂದಳು, ಮುಖ ಊರಗಲ ಅರಳಿಸಿಕೊಂಡು. "ಚೆನ್ನಾಗೈತಾ? ಪಾತ್ರೆ ಅಂಗಡಿಗೆ ಹೋಗಿ ನಿಮ್ಮ ಹೆಸರು ಹಾಕಿಸ್ಕೊಂಡು ಬಂದೆ. ಯಾರಾದ್ರೂ ಮದ್ವೆ ಮನೆಗೆ ಇಸ್ಕೊಂಡೋದ್ರೆ ಅದಲು ಬದಲಾಗ್ಬಾರ್ದಲ್ಲ. ಹಿಂದ್ಗಡೆ ಯಾವನೋ ಏನೇನೋ ಗೀಚಿದ್ದ. ಅರ ಹಾಕ್ಸಿ ನುಣ್ಣಗೆ ತೆಗೆಸಿಬಿಟ್ಟೆ."

ಸಾಹೇಬರು ಭೂತಗನ್ನಡಿಯನ್ನು ಜೇಬಿಗಿಳಿಸಿ, ಕಾಫಿಯನ್ನೂ ಕುಡಿಯದೆ ಎದ್ದರು. "ಈ ಹೆಸರಿನ ಕೆಲಸಗಾರ ಸ್ಟಾಕ್‌ಹೋಮಿನಲ್ಲಿ ಇದ್ದ ಹಾಗೆ ಕಾಣೆ" ಎಂದು ಹೇಳಿ ಹೊರಟೇಹೋದರು.

ಚೌಡಯ್ಯ ಗೋಡೆಗೆ ಒರಗಿ ಕೂತ. ಮುನಿರತ್ನಮ್ಮನಿಗೆ ಅವನ ಮುಖ ನೋಡಲೂ ಪುರುಸೊತ್ತಿರಲಿಲ್ಲ. ಬೀರುವಿನ ಬೀಗದ ಕೈ ತಿರುಗಿಸುತ್ತಿದ್ದಳು.

"ಅಂಗಡಿಯವನು ಏಳರವರೆಗೂ ಇರ್ತಾನಂತೆ ಕಣ್ರೀ. ಮನೇಲಿರೋ ಬೆಳ್ಳಿಗೆಲ್ಲಾ ಇವತ್ತೇ ಹೆಸರು ಹಾಕಿಸ್ಬಿಡ್ತೀನಿ. ನಮ್ಮಮ್ಮನ ಚೊಂಬು ಎಲ್ಲಿಟ್ಟಿದ್ದೀರ?"